ಚುಕ್ಕೆಮೀನಾದ ಗಂಡ ಹೆಂಡ್ತಿ

ಕಾಲು ಒದೀಬೇಡ ಕುಸುಮಿ, ಆ ಕಂಬಳಿ ಎಷ್ಟು ಸಲ ಹೊದಿಸಬೇಕು ನಿಂಗೆ? ನೀರು ಬೇಕು ಅಂದೆ, ಕೊಟ್ಟೆ. ಉಚ್ಚೆ ಬಂತು ಅಂದೆ, ಹಿತ್ತಿಲಿಗೆ ಕರ್ಕೊಂಡು ಹೋದೆ. ಈಗ ಗೋಡೆ ಕಡೆ ಬೇಡ, ಈ ಕಡೆ ಬೇಕು ಅಂತೀಯ. ಸರಿ, ಈ ಕಡೆನೇ ಬಿದ್ಕೋ. ಕತೆ ಹೇಳ್ತೀನಿ, ಆದ್ರೆ ನಡುನಡುವೆ ಯಾಕೆ ಏನು ಅಂತ ಬಾಯಿ ಹಾಕಿದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ. ಹೂಂಗುಟ್ಟು, ಸಾಕು.

ಒಂದಾನೊಂದು ಕಾಲದಲ್ಲಿ, ಹೊಳೆ ಹತ್ರ ಜನ ಮಾತಾಡಿದ್ರೆ ಹೊಳೆನೂ ತಿರುಗಿ ಮಾತಾಡ್ತಿದ್ದ ಕಾಲದಲ್ಲಿ, ಒಂದು ಮಡುವಿನ ದಂಡೇಲಿ ಬೆಸ್ತರ ಹಟ್ಟಿ ಇತ್ತಂತೆ. ಆ ಹಟ್ಟೀಲಿ ಹೊಂಬಾಳ ಅಂತ ಒಬ್ಬ, ಅವನ ಹೆಂಡ್ತಿ ಸಾಕವ್ವ ಅಂತ ಒಬ್ಬಳು. ಇಬ್ಬರೂ ಕೆಟ್ಟೋರಲ್ಲ, ಸೋಮಾರಿಗಳೂ ಅಲ್ಲ. ಹೊಂಬಾಳ ಬಲೆ ಬೀಸಿದ್ರೆ ನೀರಿನ ಮೇಲೆ ಹೂವು ಅರಳಿದ ಹಾಗೆ ಬೀಳ್ತಿತ್ತಂತೆ, ಸಾಕವ್ವ ಸಾರು ಕುದಿಸಿದ್ರೆ ಆಚೆ ದಡದೋರಿಗೂ ಹಸಿವಾಗ್ತಿತ್ತಂತೆ. ಆದ್ರೆ ಒಂದೇ ಒಂದು ಕೆಟ್ಟ ಚಾಳಿ. ಏನು ಕೆಲಸ ಬಂದ್ರೂ ಇದು ನಿನ್ನ ಸರದಿ ಅಂತ ಇವನು, ಅಲ್ಲ ನಿಂದು ಅಂತ ಅವಳು.

ಮಳೆ ಬರ್ತಿದೆ, ಒಣಗಿದ ಬಟ್ಟೆ ಹಗ್ಗದ ಮೇಲಿದೆ. ಹರವಿದೋಳು ನಾನು, ತೆಗೆಯೋನು ನೀನು ಅಂತ ಅವಳು. ನೆನ್ನೆ ಹರವಿದೋನೂ ನಾನೇ, ತೆಗೆದೋನೂ ನಾನೇ ಅಂತ ಇವನು. ಅಷ್ಟರಲ್ಲಿ ಬಟ್ಟೆ ತೊಯ್ದು ತೊಪ್ಪೆ. ಆಮೇಲೆ ಕರು ಹಗ್ಗ ಬಿಚ್ಕೊಂಡು ಹಾಲೆಲ್ಲ ಕುಡೀತಿದ್ರೂ ಇವರಿಬ್ಬರದೂ ಕೊಟ್ಟಿಗೆ ಬಾಗಿಲಲ್ಲಿ ನಿಂತು ಅದೇ ಪಂಚಾಯ್ತಿ. ಹೊಂಬಾಳನ ಅವ್ವ, ಪಾಪ ಮುದುಕಿ, ಎರಡು ವರ್ಷ ನೋಡಿದ್ಲಂತೆ, ಮೂರನೇ ವರ್ಷ ತನ್ನ ಗಂಟುಮೂಟೆ ಕಟ್ಕೊಂಡು, ನಿಮ್ಮ ಸರದಿ ನಿಮಗೇ ಇರಲಿ ಕಣ್ರಪ್ಪಾ, ನಂಗೆ ಕಿವಿ ಬೇಕು ಅಂತ ಹೇಳಿ ದೊಡ್ಡ ಮಗನ ಮನೆಗೆ ಹೊರಟೇಹೋದ್ಲಂತೆ.

ಆಮೇಲೆ ಇವರಿಗೆ ಒಂದು ಹೆಣ್ಣು ಮಗು ಆಯ್ತಂತೆ. ಮುದ್ದುತಾಯಿ ಅಂತ ಹೆಸರಿಟ್ರು, ಕರೆಯೋದು ಮುದ್ದಿ ಅಂತ. ಮಗು ಮೇಲೆ ಇಬ್ಬರಿಗೂ ಪ್ರಾಣ. ಆದ್ರೆ ಪ್ರಾಣ ಇದ್ರೆ ಸಾಕಾ? ಮಗು ಅತ್ರೆ ಎತ್ಕೊಳ್ಳೋದು ಯಾರು, ಅಲ್ಲೂ ಸರದಿ. ತೊಟ್ಟಿಲು ತೂಗೋದು ಯಾರು, ಅಲ್ಲೂ ಸರದಿ. ಮಗೂಗೆ ಎಂಟು ತಿಂಗಳಾಯ್ತು, ಅಂಬೆಗಾಲು ಇಡೋಕೆ ಶುರು ಮಾಡ್ತು. ಅಂಬೆಗಾಲಿಡೋ ಮಗು, ಹತ್ತೇ ಹೆಜ್ಜೆಗೆ ಹೊಳೆ. ನೀನೇ ಯೋಚನೆ ಮಾಡು.

ಒಂದು ದಿನ ಬೆಳಿಗ್ಗೆ ಹೊಂಬಾಳ ಮಡುವಿನ ಅಂಚಲ್ಲಿ, ಒಂದು ಚಪ್ಪಡಿ ಬಂಡೆ ಪಕ್ಕ ಬಲೆ ಬೀಸಿದ್ನಂತೆ. ಬಲೆ ಕಂಡ್ರೆ ಮೀನು ಓಡ್ಬೇಕಲ್ವಾ? ಎಲ್ಲಾ ಓಡಿದ್ವು. ಎರಡೇ ಎರಡು ಮಾತ್ರ ಓಡಲಿಲ್ಲವಂತೆ. ಅಂಗೈಯಗಲದ ಚುಕ್ಕೆಮೀನು, ಹಸಿರು ಮೈಗೆ ಮುತ್ತು ಮೆತ್ತಿದ ಹಾಗೆ ಬಿಳಿ ಚುಕ್ಕೆ, ಒಂದು ಗಂಡು ಒಂದು ಹೆಣ್ಣು. ಆ ಎರಡೂ ಬಲೆಗೆ ಎದುರಾಗಿ ಬಂದು ಮೂತೀಲಿ ಗುದ್ದಿದ್ವಂತೆ. ಹೊಂಬಾಳ ನಗಾಡ್ಕೊಂಡು, ಇದ್ಯಾವ ತಲೆಕೆಟ್ಟ ಮೀನು ಅಂತ ಅವನ್ನ ಎಳೆದು ಬುಟ್ಟಿಗೆ ಹಾಕ್ಕೊಂಡು ದಂಡೆಗೆ ಬಂದ್ನಂತೆ.

ದಂಡೇಲಿ ಸಾಕವ್ವ ಚಾಪೆ ಹಾಸಿ ಮುದ್ದೀನ ಕೂರಿಸಿಕೊಂಡು ಇದ್ಲು. ಹೊಂಬಾಳ ಬುಟ್ಟಿ ಇಟ್ಟು, ತಗೋ, ಬೂದಿ ಹಾಕಿ ಉಜ್ಜು ಅಂದ್ನಂತೆ. ಸಾಕವ್ವ, ನೆನ್ನೆ ಉಜ್ಜಿದೋಳು ನಾನೇ, ಮೊನ್ನೆ ಉಜ್ಜಿದೋಳೂ ನಾನೇ, ಇವತ್ತು ನಿನ್ನ ಸರದಿ ಅಂದ್ಲಂತೆ. ಹಿಡಿದೋನಿಗೇ ಉಜ್ಜೋ ಶಿಕ್ಷೆನಾ ಅಂತ ಇವನು. ಹೆತ್ತೋಳಿಗೇ ಹೊರೋ ಶಿಕ್ಷೆನಾ ಅಂತ ಅವಳು. ಅಲ್ಲಿಂದ ಶುರುವಾಗಿದ್ದು ಎಲ್ಲೆಲ್ಲಿಗೋ ಹೋಯ್ತು, ಮದುವೆ ದಿನ ಯಾರು ಮೊದಲು ಬೆಲ್ಲ ತಿಂದ್ರು ಅನ್ನೋವರೆಗೂ ಹೋಯ್ತಂತೆ. ಬುಟ್ಟೀಲಿದ್ದ ಮೀನೆರಡೂ ಬಾಯಿ ಬಿಟ್ಟು ಬಿಟ್ಟು ಸತ್ತೇಹೋದ್ವು. ಸೂರ್ಯ ನೆತ್ತಿಗೆ ಬಂದ. ಕೊನೆಗೆ ಸಾಕವ್ವನಿಗೆ ಗಂಟಲು ಒಣಗಿ ತಿರುಗಿ ನೋಡ್ತಾಳೆ, ಚಾಪೆ ಖಾಲಿ.

ಮಗು ಎಲ್ಲಿ ಅಂದ್ಲು. ನೀನು ನೋಡ್ತಿದ್ದೆ ಅಂದ್ಕೊಂಡೆ ಅಂದ ಅವನು. ನೀನು ನೋಡ್ತಿದ್ದೆ ಅಂತ ನಾನು ಅಂದ್ಕೊಂಡೆ ಅಂದ್ಲು ಅವಳು. ಮರಳಿನ ಮೇಲೆ ಪುಟ್ಟ ಪುಟ್ಟ ಅಂಗೈ ಗುರುತು, ಮಂಡಿ ಗುರುತು, ನೀರಿನ ತನಕ ಹೋಗಿದ್ದಾವೆ, ವಾಪಸ್ ಬಂದಿಲ್ಲ.

ಅಳಬೇಡ ಕಣೇ, ಕೇಳು ಪೂರ್ತಿ. ಇದಕ್ಕೇ ನಿಂಗೆ ಕತೆ ಹೇಳೋಕೆ ಬೇಜಾರು ನಂಗೆ.

ಹೊಂಬಾಳ ಧುಮುಕಿದ್ನಂತೆ. ಒಂದು ಸಲ ಮುಳುಗಿದ, ಮರಳು ಸಿಕ್ತು. ಎರಡು ಸಲ ಮುಳುಗಿದ, ಬೇರು ಸಿಕ್ತು. ಮೂರನೇ ಸಲ ಮುಳುಗಿದ, ಏನೂ ಸಿಗಲಿಲ್ಲ, ಮೇಲೆ ಬಂದು ಎದೆ ಎದೆ ಬಡ್ಕೊಂಡ. ಸಾಕವ್ವ ಸೀರೆ ಸಮೇತ ಕತ್ತಿನವರೆಗೂ ನೀರಿಗಿಳಿದು, ಅವ್ವಾ ಗಂಗವ್ವಾ, ನನ್ನ ಮಗೂನ ಕೊಡೇ ತಾಯಿ ಅಂತ ಕೂಗಿದ್ಲಂತೆ. ಆಗ ಮಡುವಿನ ನಡುವೆ ನೀರು ಉಬ್ಬಿತು, ಸೊಂಟದವರೆಗೂ ಗಂಗಮ್ಮ ಎದ್ದು ನಿಂತ್ಲಂತೆ. ಅವಳ ಸೊಂಟದ ಮೇಲೆ ಮುದ್ದಿ, ಗಂಗಮ್ಮನ ಬೆರಳು ಚೀಪ್ಕೊಂಡು ಆರಾಮಾಗಿ ಕೂತಿದೆ.

ಇಬ್ಬರೂ ಕೈ ಚಾಚಿದ್ರು. ಗಂಗಮ್ಮ ಕೊಡಲಿಲ್ಲ. ಅವಳಿಗೆ ಬಂದಿತ್ತು ನೋಡು ಸಿಟ್ಟು. ಅಲ್ಲ ಕಣ್ರೋ, ನಿಮಗೆ ಕಣ್ಣು ಕೊಟ್ಟಿದ್ದು ಒಬ್ಬರ ತಪ್ಪು ಒಬ್ಬರು ನೋಡೋದಕ್ಕಾ ಅಂದ್ಲಂತೆ. ಮೊನ್ನೆ ಈ ಮಗು ನೀರಿಗೆ ಬಂತು, ಅಲೆ ಎಬ್ಬಿಸಿ ಹಿಂದಕ್ಕೆ ನೂಕಿದೆ, ನಿಮಗೆ ಗೊತ್ತಾಗಲಿಲ್ಲ. ನೆನ್ನೆ ಬಂತು, ಆಮೆ ಕಳಿಸಿ ಅಡ್ಡ ಕೂರಿಸಿದೆ, ಆಗಲೂ ನಿಮಗೆ ಗೊತ್ತಾಗಲಿಲ್ಲ, ನೀವು ಹಗ್ಗ ಯಾರು ಸುತ್ತಬೇಕು ಅಂತ ಹೊಡೆದಾಡ್ತಿದ್ರಿ. ಇವತ್ತು ಮೂರನೇ ಸಲ. ನಂಗೂ ಬೇರೆ ಕೆಲಸ ಇದೆ. ಇಟ್ಕೊಂಡೆ.

ಸಾಕವ್ವ ತಪ್ಪಾಯ್ತು ಅಂದ್ಲು, ಹೊಂಬಾಳ ತಪ್ಪಾಯ್ತು ಅಂದ, ಅಷ್ಟಕ್ಕೇ ಬಿಡಬೇಕೋ ಬೇಡ್ವೋ, ಹೆಚ್ಚು ತಪ್ಪು ಇವಳದೇ ತಾಯಿ ಅಂತ ಸೇರಿಸಿದ್ನಂತೆ. ಗಂಗಮ್ಮ ಹಣೆ ಹಣೆ ಚಚ್ಚಿಕೊಂಡ್ಲಂತೆ.

ಆಮೇಲೆ ಅಂದ್ಲು, ಆ ಚಪ್ಪಡಿ ಬಂಡೆ ಕೆಳಗೆ ಬಗ್ಗಿ ನೋಡ್ರಿ. ನೋಡಿದ್ರು. ಬಂಡೆ ಹೊಟ್ಟೆಗೆ ರಾಗಿ ಕಾಳು ಅಂಟಿಸಿದ ಹಾಗೆ ಮೊಟ್ಟೆ, ನೂರಾರು ಮೊಟ್ಟೆ, ಒಂದರ ಪಕ್ಕ ಒಂದು ಒತ್ತಾಗಿ. ಬೆಳಿಗ್ಗೆ ನೀನು ಎಳ್ಕೊಂಡು ಹೋದ್ಯಲ್ಲ ಹೊಂಬಾಳ, ಆ ಚುಕ್ಕೆಮೀನು ಗಂಡ ಹೆಂಡ್ತಿ ಬಲೆಗೆ ಎದುರು ನಿಂತಿದ್ದು ಇದಕ್ಕೇ. ಓಡಿಹೋಗೋಕೆ ಅವಕ್ಕೂ ಬರ್ತಿತ್ತು. ಈಗ ಇವು ತಬ್ಬಲಿ. ನೀವೇ ಸಾಕಿ. ಇವು ತಮ್ಮಷ್ಟಕ್ಕೆ ತಾವು ಈಜಿ ಹೊಳೆ ಸೇರಿದ ದಿನ ನಿಮ್ಮ ಮಗೂನ ನಿಮ್ಮ ಕೈಗಿಡ್ತೀನಿ. ಎಲ್ಲಾನೂ ಕಳ್ಕೊಂಡ್ರೋ, ಮುದ್ದಿ ನನ್ನ ಮಗಳು. ಹೇಗೆ ಸಾಕೋದು ತಾಯೀ, ನಾವು ಮನುಷ್ಯರು ಅಂತ ಸಾಕವ್ವ ಬಾಯಿ ತೆಗೆಯೋದರೊಳಗೆ ಗಂಗಮ್ಮ ಒಂದು ಬೊಗಸೆ ನೀರು ಎರಚಿದ್ಲು. ಅಷ್ಟೇ. ಹೊಂಬಾಳ ಇಲ್ಲ, ಸಾಕವ್ವ ಇಲ್ಲ. ಅಂಗೈಯಗಲದ ಎರಡು ಚುಕ್ಕೆಮೀನು ಬಂಡೆ ಪಕ್ಕ ಬಾಲ ಆಡಿಸ್ತಾ ಇದ್ವಂತೆ.

ಮೀನಾದ್ರೂ ಬಾಯಿ ಹೋಗಲಿಲ್ಲ ನೋಡು ಅವರದು. ಹೊಂಬಾಳಮೀನು ಮೊದಲು ಆಡಿದ ಮಾತೇ, ಮೊಟ್ಟೆ ಅಂದ್ರೆ ಹೆಂಗಸರ ಕೆಲಸ, ನಾನು ಆಚೆ ಕಾಯ್ತೀನಿ ಅಂತ.

ಮೊಟ್ಟೆ ಕಾಯೋದು ಅಂದ್ರೆ ಸುಮ್ಮನೆ ಪಕ್ಕದಲ್ಲಿ ಕೂರೋದಲ್ಲ ಮಗಾ. ಎದೆ ಹತ್ರದ ರೆಕ್ಕೆ ಬೀಸಿ ಬೀಸಿ ಹೊಸ ನೀರು ಹಾಯಿಸ್ತಾನೇ ಇರಬೇಕು, ಇಲ್ಲದಿದ್ರೆ ಉಸಿರು ಕಟ್ಟುತ್ತೆ. ಒಂದು ಮೊಟ್ಟೆ ಬೆಳ್ಳಗೆ ಕೆಟ್ರೆ ತಕ್ಷಣ ಬಾಯಲ್ಲಿ ಕಿತ್ತು ಬಿಸಾಕಬೇಕು, ಇಲ್ಲದಿದ್ರೆ ಪಕ್ಕದ್ದಕ್ಕೂ ಬೂಷ್ಟು ಹಿಡಿಯುತ್ತೆ. ಸಾಕವ್ವ ಒಂದು ಹಗಲು ಬೀಸಿದ್ಲು, ರೆಕ್ಕೆ ಸೋತು ಬಂತು, ಹೊಟ್ಟೆ ಹಸಿದು ಬಂತು. ಯೋ, ಬಾ, ಈಗ ನಿನ್ನ ಸರದಿ, ನಾನೊಂದಿಷ್ಟು ಪಾಚಿ ತಿಂದು ಬರ್ತೀನಿ ಅಂದ್ಲಂತೆ. ಅವನು, ಬೆಳಗಿಂದ ಏಡಿ ಓಡಿಸಿದೋನು ನಾನು, ಸುಸ್ತಾಗಿದೆ ಅಂದ. ಒಂದು ಏಡಿ ಓಡಿಸಿದ್ದಕ್ಕೆ ಸುಸ್ತಾ ಅಂದ್ಲು. ಒಂದಲ್ಲ ಎರಡು ಅಂದ. ಎರಡನೇದು ಏಡಿ ಅಲ್ಲ, ಕಲ್ಲು, ನೀನು ಕಲ್ಲನ್ನ ಓಡಿಸ್ತಿದ್ದೆ, ನಾನು ನೋಡಿದೀನಿ ಅಂದ್ಲು. ಇಬ್ಬರೂ ಬಂಡೆಯಿಂದ ಆಚೆ ಬಂದು ಮೂತಿಗೆ ಮೂತಿ ಕೊಟ್ಟು ನಿಂತ್ರಂತೆ.

ಅಷ್ಟರಲ್ಲಿ ಬೆರಳುದ್ದದ ಮೀನಿನ ಹಿಂಡೊಂದು ಬಂಡೆ ಕೆಳಗೆ ನುಗ್ಗಿ ಮದುವೆ ಊಟ ಉಂಡ ಹಾಗೆ ಮೊಟ್ಟೆ ತಿಂತು. ಇವರು ಓಡಿಬಂದು ಓಡಿಸಿದಾಗ ಅರ್ಧ ಬಂಡೆ ಬೋಳು. ಉಳಿದದ್ದರಲ್ಲಿ ಒಂದು ಮೂಲೆ ಹೊಸ ನೀರಿಲ್ಲದೆ ಬೆಳ್ಳಗಾಗಿದೆ.

ಗಂಗಮ್ಮನ ದನಿ ಬಂತಂತೆ ಮೇಲಿಂದ. ಆಯ್ತಾ? ಮುಗೀತಾ ನಿಮ್ಮ ವ್ಯಾಜ್ಯ? ಯಾರು ಗೆದ್ರಿ?

ಹೊಂಬಾಳ ಮೆಲ್ಲಗೆ ಬಂದು ಮೊಟ್ಟೆ ಮುಂದೆ ನಿಂತು ರೆಕ್ಕೆ ಬೀಸೋಕೆ ಶುರು ಮಾಡಿದ್ನಂತೆ, ಅವಳು ಕೆಟ್ಟಿದ್ದನ್ನ ಒಂದೊಂದೇ ಕಿತ್ತು ತೆಗೆದ್ಲಂತೆ.

ಏನೇ? ಮೀನು ನಿದ್ದೆ ಮಾಡಲ್ವಾ ಅಂತಾನಾ? ಮಾಡ್ತಾವೆ, ಆದ್ರೆ ರೆಪ್ಪೆ ಇಲ್ಲ ಅವಕ್ಕೆ, ಕಣ್ಣು ಬಿಟ್ಕೊಂಡೇ ಮಾಡ್ತಾವೆ. ಬೇಡ, ನೀನು ಹಾಗೆ ಮಾಡಿ ತೋರಿಸೋದು ಬೇಡ. ನಿಂಗೆ ರೆಪ್ಪೆ ಇದೆ. ಮುಚ್ಚು.

ನಾಲ್ಕು ದಿನಕ್ಕೆ ಮೊಟ್ಟೆ ಒಡೀತಂತೆ. ಒಡೆದು ಏನು ಬಂತು? ಮೀನು ಮರಿ ಅಂದ್ರೆ ಸರ್ರಂತ ಈಜುತ್ತೆ ಅಂದ್ಕೊಂಡಿದ್ರು ಇವರು. ಈಜೋದು ಇರಲಿ, ಅವಕ್ಕೆ ಕಣ್ಣೂ ಸರಿಯಾಗಿ ಮೂಡಿಲ್ಲ. ಹೊಟ್ಟೆಗೊಂದು ಹಳದಿ ಗಂಟು ಕಟ್ಕೊಂಡು ಬಾಲ ಮಾತ್ರ ಪಟಪಟ ಅಲ್ಲಾಡಿಸೋ ನೂಲಿನ ಚೂರು, ಅಷ್ಟೇ. ಅವನ್ನ ಬಂಡೆ ಮೇಲೆ ಬಿಟ್ರೆ ಹರಿವಿಗೆ ಕೊಚ್ಕೊಂಡು ಹೋಗ್ತಾವೆ. ಮರಳಲ್ಲಿ ಗುಂಡಿ ತೋಡಬೇಕು, ಅದರೊಳಗೆ ಇಡಬೇಕು.

ಗುಂಡಿ ತೋಡೋದಕ್ಕೆ ಗುದ್ದಲಿ ಇದೆಯಾ ಮೀನಿಗೆ? ಬಾಯೇ ಗುದ್ದಲಿ, ಬಾಯೇ ಬುಟ್ಟಿ. ಹೊಂಬಾಳ ಬಾಯಿ ತುಂಬ ಮರಳು ತುಂಬ್ಕೊಂಡು ಹೋಗಿ ಆಚೆ ಉಗುಳೋದು, ಸಾಕವ್ವ ತುಂಬ್ಕೊಂಡು ಹೋಗಿ ಈಚೆ ಉಗುಳೋದು. ಬಾಯಲ್ಲಿ ಮರಳಿದ್ದಾಗ ಜಗಳ ಹೇಗೆ ಆಡ್ತಾರೆ? ಹೊಂಬಾಳನಿಗೆ ಹೇಳೋದು ಎಷ್ಟೋ ಇತ್ತು, ಗುಂಡಿ ಸೊಟ್ಟ ಅಂತ, ಅವಳು ಕಡಿಮೆ ಹೊರ್ತಾಳೆ ಅಂತ, ಆದ್ರೆ ಉಗುಳಿ ಹೇಳೋ ಹೊತ್ತಿಗೆ ಅವಳು ಬಾಯಿ ತುಂಬ್ಕೊಂಡು ಹೊರಟಿರೋಳು. ಅವಳು ಉಗುಳಿ ಉತ್ತರ ಕೊಡೋ ಹೊತ್ತಿಗೆ ಇವನ ಬಾಯಿ ತುಂಬಿರೋದು. ಮದುವೆಯಾದ ಮೇಲೆ ಅಷ್ಟು ನಿಶ್ಶಬ್ದವಾದ ದಿನ ಅವರು ಕಂಡಿರಲೇ ಇಲ್ಲವಂತೆ. ಸಂಜೆಗೆ ಮೂರು ಗುಂಡಿ ಸಿದ್ಧವಾದ್ವು. ಮರಿನೆಲ್ಲ ಬಾಯಲ್ಲೇ ಹೊತ್ತು ತಂದು ಮೊದಲನೇ ಗುಂಡೀಲಿ ಇಟ್ರು.

ಆಮೇಲೆ ಮಾರನೇ ದಿನ ಒಂದು ನೀರುಹಾವು ಆ ಗುಂಡಿ ಹತ್ರ ಮೂಸ್ಕೊಂಡು ಬಂತಂತೆ. ಈಗ ಅಲ್ಲಿಂದ ಮರಿನ ಖಾಲಿ ಮಾಡಬೇಕು. ಐದಾರು ಮರಿ ಬಾಯಲ್ಲಿ ಹಿಡ್ಕೋಬೇಕು, ನುಂಗಬಾರದು, ಕಚ್ಚಬಾರದು, ಮೆಲ್ಲಗೆ ಒಯ್ದು ಇನ್ನೊಂದು ಗುಂಡೀಲಿ ಉಗುಳಬೇಕು, ಮತ್ತೆ ಬರಬೇಕು. ಸಾಕವ್ವ ಸರಸರ ಒಯ್ದು ಮೂರನೇ ಗುಂಡಿಗೆ ಹಾಕಿದ್ಲು. ಹೊಂಬಾಳನ ಪ್ರಕಾರ ಎರಡನೇ ಗುಂಡಿಗೆ ಹಾಕಬೇಕಿತ್ತು. ಅವನ ಬಾಯಿ ತುಂಬ ಮರಿ. ತಡ್ಕೊಂಡ, ತಡ್ಕೊಂಡ. ಅವಳು ಮತ್ತೆ ಮೂರನೇ ಗುಂಡಿ ಕಡೆಗೇ ತಿರುಗಿದ್ಲು. ಇವನ ಕೈಲಿ ಆಗಲಿಲ್ಲ.

ಅಲ್ಲಿ ಅಲ್ಲ ಕಣೇ! ಅಂತ ಬಾಯಿ ಬಿಟ್ಟ.

ಮರಿ ಎಲ್ಲ ಈಚೆ ಚೆಲ್ಲಿದ್ವು. ಈಜೋಕೆ ಬರಲ್ಲ, ಬಾಲ ಬಡೀತಾ ಬಡೀತಾ ಕೆಳಗೆ ಇಳೀತಿದ್ವು. ಬೇರಿನ ಸಂದೀಲಿ ಕಾದಿದ್ದ ಕೊರಮೀನು ಬಂದು ಗುಳುಕ್ ಅಂತ ಒಂದೇ ಬಾಯಿಗೆ ಅಷ್ಟನ್ನೂ ನುಂಗಿ ಹೊರಟುಹೋಯ್ತಂತೆ.

ಹೊಂಬಾಳ ಅಲ್ಲೇ ನಿಂತುಬಿಟ್ಟ. ಅವನ ನಾಲಿಗೆ ಮೇಲೆ ಆ ಮರಿಗಳು ಮಿಸುಕಾಡಿದ್ದು ಇನ್ನೂ ಹಾಗೇ ಇತ್ತಂತೆ. ಸಾಕವ್ವ ನೋಡಿದ್ಲು. ಅವಳ ಬಾಯಲ್ಲೂ ಮರಿ ಇತ್ತು, ಅದಕ್ಕೆ ಏನೂ ಅನ್ನಲಿಲ್ಲ, ಒಯ್ದು ಗುಂಡೀಲಿ ಇಟ್ಟು ಬಂದ್ಲು. ಆಮೇಲೂ ಏನೂ ಅನ್ನಲಿಲ್ಲ. ಉಳಿದದ್ದನ್ನೆಲ್ಲ ಇಬ್ಬರೂ ಸೇರಿ ಸಾಗಿಸಿದ್ರು. ಹಾವು ಬಂದು ಖಾಲಿ ಗುಂಡಿ ಮೂಸಿ ಹೋಯ್ತು.

ಎಲ್ಲಾ ಮುಗಿದ ಮೇಲೆ ಹೊಂಬಾಳ ಅಂದ್ನಂತೆ, ಸಾಕೀ, ಅವತ್ತು ದಂಡೇಲಿ ನೀನು ನೋಡ್ತಿದ್ದೆ ಅಂದ್ಕೊಂಡೆ ಅಂತ ಹೇಳಿದ್ನಲ್ಲ, ಅದು ಸುಳ್ಳು. ನಾನು ಮಗೂನ ನೆನೆಸಿಕೊಂಡೇ ಇರಲಿಲ್ಲ ಕಣೇ. ನಿನ್ನ ಮಾತಿಗೆ ಎದುರು ಮಾತು ಹುಡುಕ್ತಿದ್ದೆ.

ಸಾಕವ್ವ, ನಾನೂ ಹಾಗೇ ಅಂದ್ಲಂತೆ. ಮುದ್ದಿ ನನ್ನ ಸೆರಗು ಹಿಡಿದು ಎಳೀತು ಕಣೋ. ಎರಡು ಸಲ ಎಳೀತು. ಆಮೇಲೆ ಹೋಗೇ ಅತ್ಲಾಗೆ ಅಂತ ಬಿಡಿಸಿಕೊಂಡೆ.

ಮೀನಿಗೆ ಕಣ್ಣೀರು ಬರಲ್ಲ, ನೀರೊಳಗೆ ಬಂದ್ರೂ ಯಾರಿಗೆ ಕಾಣುತ್ತೆ. ಗುಂಡಿಯ ಈ ಕಡೆ ಅವನು, ಆ ಕಡೆ ಅವಳು, ಬೆಳಗಾಗೋವರೆಗೂ ಅಲ್ಲಾಡದೆ ನಿಂತಿದ್ರಂತೆ.

ಆಮೇಲೆ ಮರಿಗಳು ಬೆಳೆದ್ವು. ಹೊಟ್ಟೆಯ ಹಳದಿ ಗಂಟು ಕರಗಿತು, ಕಣ್ಣು ಬಂತು, ಒಂದು ದಿನ ಗುಂಡಿಯಿಂದ ಹೊಗೆ ಎದ್ದ ಹಾಗೆ ಎಲ್ಲಾ ಒಟ್ಟಿಗೆ ಮೇಲೆದ್ದು ಈಜೋಕೆ ಶುರು ಮಾಡಿದ್ವಂತೆ. ಇಷ್ಟು ಹೊತ್ತು ಒಂದು ಜಾಗದಲ್ಲಿದ್ವು, ಈಗ ನೂರು ಮರಿ ನೂರು ಕಡೆ. ಒಂದು ಪಾಚಿ ಒಳಗೆ, ಒಂದು ಏಡಿ ಬಿಲದ ಬಾಯಲ್ಲಿ, ಒಂದಕ್ಕೆ ಮೇಲೆ ತೇಲೋ ಎಲೆ ಮೇಲೆ ಆಸೆ. ಥೇಟ್ ನಿನ್ನ ಹಾಗೆ. ಸಾಕವ್ವ ಅವನ್ನ ಸೇರಿಸಿ ಸೇರಿಸಿ ಸಾಕಾಗಿ, ಹೆತ್ತದ್ದು ಒಂದು, ಗಂಗವ್ವ ಕೊಟ್ಟಿದ್ದು ನೂರು, ಇದ್ಯಾವ ನ್ಯಾಯ ಅಂತ ಬೈಕೊಂಡ್ಲಂತೆ.

ಮತ್ತೆ ಹಸಿವು. ಈಗ ಇವು ತಿನ್ನೋದೇನು? ಪಾಚಿ ತಂದು ಇಟ್ರು, ಬಾಯಿಗೆ ಹಿಡಿಸಲಿಲ್ಲ. ಹುಳು ತಂದು ಇಟ್ರು, ಮರಿಗಿಂತ ಹುಳನೇ ದೊಡ್ಡದು. ಅಷ್ಟರಲ್ಲಿ ಒಂದು ಮರಿ ಬಂದು ಸಾಕವ್ವನ ಪಕ್ಕೆಗೆ ಮೂತಿ ಇಟ್ಟು ಚುಟುಕ್ ಅಂತ ಕಚ್ಚಿತು. ಅವಳು ಬೆಚ್ಚಿಬಿದ್ಲು. ಇನ್ನೊಂದು ಬಂತು, ಮತ್ತೊಂದು ಬಂತು. ಮೀನಿನ ಮೈ ಮೇಲೆ ಲೋಳೆ ಇರುತ್ತಲ್ಲ, ಮುಟ್ಟಿದ್ರೆ ಜಾರುತ್ತಲ್ಲ, ಅದೇ ಅವಕ್ಕೆ ಹಾಲು ಅಂತೆ. ಅದನ್ನೇ ಕೆರಕೊಂಡು ತಿಂತಾವಂತೆ. ಕಚಗುಳಿ, ಉರಿ, ನವೆ ಎಲ್ಲಾ ಒಟ್ಟಿಗೆ. ಸಾಕವ್ವನಿಗೆ ಮುದ್ದಿ ಹಾಲು ಕುಡೀತಿದ್ದದ್ದು ನೆನಪಾಗಿ, ಓಡಿಹೋಗದೆ ಹಾಗೇ ನಿಂತ್ಲಂತೆ. ಸ್ವಲ್ಪ ಹೊತ್ತಿಗೆ ಪಕ್ಕೆ ಉರಿದು ಸೋತು ಬಂತು. ಅವಳು ಕರೆಯಲಿಲ್ಲ, ಹೇಳಲಿಲ್ಲ. ಹೊಂಬಾಳ ತಾನಾಗೇ ಬಂದು ಪಕ್ಕದಲ್ಲಿ ನಿಂತು ಮೈ ತಾಗಿಸಿದ. ಮರಿಗಳು ಅವಳನ್ನ ಬಿಟ್ಟು ಇವನ ಪಕ್ಕೆಗೆ ಹತ್ಕೊಂಡ್ವು. ಅವನು ಹುಟ್ಟಿದಾಗಿನಿಂದ ಯಾರಿಗೂ ಹಾಲು ಕೊಟ್ಟೋನಲ್ಲ, ಮೈಯೆಲ್ಲ ಕುಣೀತು, ಆದ್ರೂ ಹಲ್ಲು ಕಚ್ಚಿ ನಿಂತ್ನಂತೆ.

ಅವತ್ತಿಂದ ಹಾಗೇ ನಡೀತು. ಒಬ್ಬರು ಮರಿ ಜೊತೆ, ಒಬ್ಬರು ಆಚೆ ಕಾವಲು. ಬಂದೋರು ಮೈ ತಾಗಿಸಿದ್ರೆ ಇದ್ದೋರು ಹೊರಡೋದು. ಅಪಾಯ ಕಂಡ್ರೆ ಹೊಟ್ಟೆ ಕೆಳಗಿನ ರೆಕ್ಕೆ ಪಟಪಟ ಅಂತ ಮಿಟುಕಿಸೋದು, ಮರಿಗಳೆಲ್ಲ ಓಡಿಬಂದು ಹೊಟ್ಟೆ ಕೆಳಗೆ ಒತ್ತಿಕೊಳ್ಳೋವು. ಗಂಗಮ್ಮ ಮೇಲಿಂದ ನೋಡಿ, ಅಬ್ಬಾ, ಕಿವಿ ತಣ್ಣಗಾಯ್ತು ಅಂದ್ಕೊಂಡ್ಲಂತೆ. ಪಾಪ, ಬೇಗ ಅಂದ್ಕೊಂಡುಬಿಟ್ಲು.

ಒಂದು ದಿನ ಮಡುವಿಗೆ ನೀರುನಾಯಿ ಬಂತಂತೆ. ನೀನು ನೋಡಿಲ್ಲ, ನಾನು ನೋಡಿದೀನಿ, ಬೆಕ್ಕಿನ ಮೀಸೆ, ನಾಯಿ ಮೂತಿ, ಹಾವಿನ ಹಾಗೆ ಈಜು. ಕೊರಮೀನನ್ನ ಕೂಡ ಕಡ್ಡಿ ಮುರಿದ ಹಾಗೆ ಮುರಿದು ತಿನ್ನುತ್ತೆ. ಅದಕ್ಕೆ ಎದುರು ನಿಂತು ಗುದ್ದಿದ್ರೆ ಪ್ರಯೋಜನ ಇಲ್ಲ. ಒಬ್ಬರು ಅದರ ಕಣ್ಣಿಗೆ ಬಿದ್ದು ದೂರ ಎಳ್ಕೊಂಡು ಹೋಗಬೇಕು, ಒಬ್ಬರು ಮರಿ ಜೊತೆ ಉಳೀಬೇಕು. ಹೋದೋರು ವಾಪಸ್ ಬರ್ತಾರೆ ಅನ್ನೋ ನಂಬಿಕೆ ಇಲ್ಲ.

ಆಗ ಇವರಿಬ್ಬರೂ ಏನು ಮಾಡಿದ್ರು ಹೇಳು?

ಜಗಳ ಆಡಿದ್ರಂತೆ!

ನಾನು ಹೋಗ್ತೀನಿ ಅಂದ ಹೊಂಬಾಳ. ಬೇಡ, ನೀನು ಹೆಚ್ಚು ಹೊತ್ತು ಈಜಿದ್ರೆ ಏದುಸಿರು ಬಿಡ್ತೀಯ, ನಾನು ಹೋಗ್ತೀನಿ ಅಂದ್ಲು ಸಾಕವ್ವ. ಯಾರು ಏದುಸಿರು ಬಿಡೋದು, ನೆನ್ನೆ ಬಿಟ್ಟಿದ್ದು ನೀನು ಅಂದ ಅವನು. ನೆನ್ನೆ ಹಾವು ಓಡಿಸಿದ್ದು ನೀನು, ಇವತ್ತು ನನ್ನ ಸರದಿ ಅಂದ್ಲು ಅವಳು. ಅಲ್ಲ, ಇದು ನನ್ನ ಸರದಿ. ಇಷ್ಟು ವರ್ಷ ಸರದಿ ನಿಂದು ನಿಂದು ಅಂತ ಕಿತ್ತಾಡಿದೋರು ಈಗ ನಂದು ನಂದು ಅಂತ ಕಿತ್ತಾಡ್ತಿದ್ದಾರೆ. ನೀರುನಾಯಿ ಬಂದೇಬಿಡ್ತು, ಅದರ ಮೀಸೆ ಕಾಣ್ತಿದೆ. ಗಂಗಮ್ಮ ತಲೆ ಮೇಲೆ ಕೈ ಹೊತ್ತು, ಅಯ್ಯೋ ನಿಮ್ಮ ಬಾಯಿಗೆ ನನ್ನ ಮರಳೆಲ್ಲ ಬೀಳ, ಈಗಲಾದ್ರೂ ಮುಚ್ರೋ ಅಂತ ಕಿರುಚಿದ್ಲಂತೆ.

ಸಾಕವ್ವ ಮುಚ್ಚಿದ್ಲು. ಗಂಡನ ಪಕ್ಕೆಗೆ ಒಂದು ಸಲ ಮೈ ತಾಗಿಸಿದ್ಲು, ಅಂದ್ರೆ ಮರಿ ಈಗ ನಿಂದು ಅಂತ. ಅವನು ಏನಾದ್ರೂ ಅನ್ನೋದರೊಳಗೆ ಬಿಟ್ಟ ಬಾಣದ ಹಾಗೆ ನೀರುನಾಯಿ ಮೂತಿ ಮುಂದಿಂದಲೇ ಹಾದು ಹೋದ್ಲಂತೆ. ನೀರುನಾಯಿ ಸರ್ರಂತ ತಿರುಗಿ ಬೆನ್ನು ಹತ್ತಿತು.

ಹೊಂಬಾಳನಿಗೆ ಅವಳ ಹಿಂದೆ ಓಡಬೇಕು ಅಂತ ಮೈಯೆಲ್ಲ ಒದ್ದಾಡ್ತು. ಆದ್ರೆ ಹೊಟ್ಟೆ ಕೆಳಗೆ ನೂರು ಮರಿ ನಡುಗ್ತಾ ನಿಂತಿವೆ. ಓಡಿದ್ರೆ ಇವು ಚೆಲ್ಲಾಪಿಲ್ಲಿ. ಅವನು ಓಡಲಿಲ್ಲ. ಬಂಡೆ ಮೂಲೇಲಿ ಮರಿಗಳನ್ನ ಒತ್ತಿಟ್ಕೊಂಡು, ರೆಕ್ಕೆ ಅಲ್ಲಾಡಿಸ್ತಾ ನಿಂತ. ಅವನು ಮಾಡಿದ ಕೆಲಸದಲ್ಲೆಲ್ಲ ಅದೇ ಬಹಳ ಕಷ್ಟದ್ದು ಕಣೇ, ಸುಮ್ಮನೆ ನಿಲ್ಲೋದು. ದೂರದಲ್ಲಿ ನೀರು ಕಲಕಿದ್ದು ಕೇಳಿಸ್ತು, ಬೇರು ಮುರಿದ ಸದ್ದು ಕೇಳಿಸ್ತು, ಆಮೇಲೆ ಏನೂ ಕೇಳಿಸಲಿಲ್ಲ. ಬಿಸಿಲು ಬಂಡೆಯ ಈ ಕಡೆಯಿಂದ ಆ ಕಡೆಗೆ ಹೋಯ್ತು. ಅವಳು ಬರಲಿಲ್ಲ. ಮರಿಗಳಿಗೆ ಹಸಿವಾಯ್ತು, ಅವನ ಎರಡೂ ಪಕ್ಕೆ ಕೆರೆದು ತಿಂದ್ವು. ಅವನು ನಿಂತೇ ಇದ್ದ.

ಬಿಸಿಲು ಇಳಿಯೋ ಹೊತ್ತಿಗೆ ಸಾಕವ್ವ ಬಂದ್ಲಂತೆ. ಅತ್ತಿ ಮರದ ಬೇರಿನ ಸಂದಿಗೆ ನುಗ್ಗಿ ಕೂತಿದ್ಲಂತೆ, ನೀರುನಾಯಿ ಪಂಜ ಹಾಕಿ ಹಾಕಿ ಬೇಸತ್ತು ಹೋಗಿತ್ತಂತೆ. ಅವಳ ಬಾಲದ ಒಂದು ಚೂರು ಇಲ್ಲ, ಸೊಟ್ಟ ಸೊಟ್ಟ ಈಜ್ತಿದ್ದಾಳೆ. ಹೊಂಬಾಳ ನೋಡಿದ. ಬೈಲಿಲ್ಲ, ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಕೇಳಲಿಲ್ಲ. ಸ್ವಲ್ಪ ಸರಿದು ಜಾಗ ಬಿಟ್ಟ. ಅರ್ಧ ಮರಿ ಅವಳ ಕಡೆ ಹೋದ್ವು, ಅರ್ಧ ಇವನ ಹತ್ರ ಉಳಿದ್ವು. ಒಂದೂ ಕಡಿಮೆಯಾಗಿರಲಿಲ್ಲ.

ಆಮೇಲೆ ಮಳೆಗಾಲ ಬಂತು, ಹೊಸ ನೀರು ಬಂತು, ಮರಿಗಳು ಬೆರಳಿನಷ್ಟಾದ್ವು, ಮೈ ಮೇಲೆ ಸಣ್ಣ ಸಣ್ಣ ಚುಕ್ಕೆ ಮೂಡಿದ್ವು. ದಿನಾ ಒಂದಿಷ್ಟು ದೂರ ಹೋಗೋವು, ದಿನಾ ಒಂದಿಷ್ಟು ತಡವಾಗಿ ಬರೋವು. ಒಂದು ದಿನ ಸಾಕವ್ವ ರೆಕ್ಕೆ ಮಿಟುಕಿಸಿದ್ರೆ ಹತ್ತೇ ಮರಿ ಬಂದ್ವು. ಮಾರನೇ ದಿನ ಎರಡು. ಅದರ ಮಾರನೇ ದಿನ ಇಬ್ಬರೂ ಸೇರಿ ಎಷ್ಟು ಮಿಟುಕಿಸಿದ್ರೂ ಯಾವುದೂ ಬರಲಿಲ್ಲ. ಮಡು ಖಾಲಿ. ಇವರಿಬ್ಬರೇ. ಹೋದ್ವಾ ಅಂದ ಹೊಂಬಾಳ. ಹೇಳದೇ ಹೋದ್ವಲ್ಲೋ ಅಂದ್ಲು ಸಾಕವ್ವ. ಸಂತೋಷ ಆಗಬೇಕಿತ್ತು, ಆದ್ರೆ ಪಕ್ಕೆ ಎರಡೂ ಬರಿದಾದ ಹಾಗೆ ಅನ್ನಿಸ್ತಂತೆ.

ಆಗ ಗಂಗಮ್ಮ ಬಂದು ಒಂದು ಬೊಗಸೆ ನೀರು ಎರಚಿದ್ಲು. ಇಬ್ಬರೂ ಮನುಷ್ಯರಾಗಿ, ಮೈಯೆಲ್ಲ ತೊಯ್ದು, ದಂಡೆ ಮರಳ ಮೇಲೆ ಕೂತಿದ್ರಂತೆ. ಸಾಕವ್ವನ ಹಿಮ್ಮಡೀಲಿ ಒಂದು ಗಾಯದ ಗುರುತು. ಗಂಗಮ್ಮ ಮುದ್ದೀನ ತಂದು ಮರಳ ಮೇಲೆ ನಿಲ್ಲಿಸಿದ್ಲು. ಹೂಂ ಮತ್ತೆ, ನಿಲ್ಲಿಸಿದ್ಲು, ಅಷ್ಟು ತಿಂಗಳಲ್ಲಿ ಮಗು ನಿಲ್ಲೋಕೆ ಕಲಿತಿತ್ತು. ಮುದ್ದಿ ಇಬ್ಬರನ್ನೂ ನೋಡ್ತು. ಗುರುತು ಸಿಗಲಿಲ್ಲವೋ ಏನೋ, ತುಟಿ ಮುಂದೆ ಮಾಡ್ತು. ಸಾಕವ್ವ ಕೈ ಚಾಚಲಿಲ್ಲ, ಹೆದರಿದ್ಲು. ಹೊಂಬಾಳನೂ ಹೆದರಿದ. ಸುಮ್ಮನೆ ಕೂತು ಕಾದ್ರಂತೆ. ಕೊನೆಗೆ ಮಗು ತಟಪಟ ನಾಲ್ಕು ಹೆಜ್ಜೆ ಇಟ್ಟು ಬಂದು ಇಬ್ಬರ ನಡುವೆ ದೊಪ್ಪಂತ ಬಿತ್ತು. ಇಬ್ಬರೂ ಒಟ್ಟಿಗೆ ಹಿಡಿದ್ರು, ತಲೆಗೆ ತಲೆ ಢೀ ಹೊಡೀತು, ಮುದ್ದಿ ಕಿಲಕಿಲ ನಕ್ಕುಬಿಡ್ತಂತೆ.

ಇನ್ನು ಹೋಗಿ, ನನ್ನ ಮಡು ಒಂದು ದಿನ ಸದ್ದಿಲ್ಲದೆ ಇರಲಿ ಅಂತ ಹೇಳಿ ಗಂಗಮ್ಮ ಮುಳುಗಿದ್ಲು. ಆದ್ರೆ ಮುದ್ದೀನ ಬಿಟ್ಟು ಹೋಗೋವಾಗ ಅವಳ ಮುಖವೂ ಸಣ್ಣದಾಗಿತ್ತಂತೆ.

ಆಮೇಲೆ ಜಗಳ ನಿಲ್ತಾ ಅಂತ ಕೇಳ್ತೀಯ? ಎಲ್ಲಿ ನಿಲ್ಲುತ್ತೆ. ಉಪ್ಪಿಗೆ ಜಗಳ, ಬಾಗಿಲಿಗೆ ಜಗಳ, ಹಟ್ಟಿಯೋರು ಕಿವಿಗೆ ಹತ್ತಿ ಇಟ್ಕೊಂಡೇ ಬದುಕಿದ್ರು. ಮುದುಕಿ ಅತ್ತೆ ಮೊಮ್ಮಗಳನ್ನ ನೋಡೋಕೆ ಬಂದೋಳು ನಾಲ್ಕು ದಿನಕ್ಕೇ ವಾಪಸ್ ಓಡಿದ್ಲಂತೆ. ಆದ್ರೆ ಮಗು ವಿಷಯದಲ್ಲಿ ಮಾತ್ರ ಒಬ್ಬರು ಎದ್ರೆ ಒಬ್ಬರು ಬಂದು ಕೂರೋರು, ಯಾರೂ ಯಾರನ್ನೂ ಕರೀತಿರಲಿಲ್ಲ. ಚುಕ್ಕೆಮೀನು ಜೋಡಿಯಾಗಿ ಬಂಡೆ ಹತ್ರ ನಿಂತಿದ್ದು ಕಂಡ್ರೆ ಹೊಂಬಾಳ ಬಲೆ ಮಡಚಿಕೊಂಡು ಬೇರೆ ಕಡೆ ಹೋಗ್ತಿದ್ನಂತೆ.

ಮುದ್ದುತಾಯಿ ಬೆಳೆದು ದೊಡ್ಡೋಳಾದ್ಲು. ಮೂರು ಊರಾಚೆ ಹೊಳೆ ಕೆಳಗಿನ ಹಟ್ಟಿ ಹುಡುಗನ ಜೊತೆ ಮದುವೆ ಆಯ್ತು. ಗಂಡನ ಮನೆಗೆ ಹೊರಟ ದಿನ ಹೊಸ ಗಂಡ ಹೆಂಡ್ತಿ ಹರಿಗೋಲಲ್ಲಿ ಕೂತು ಹೊರಟ್ರೆ, ಈ ದಡದಲ್ಲಿ ಹೊಂಬಾಳ ಜೊತೆಗೇ ನಡೀತಿದ್ದಾನೆ, ಆ ದಡದಲ್ಲಿ ಸಾಕವ್ವ ಜೊತೆಗೇ ನಡೀತಿದ್ದಾಳೆ. ಮುಳ್ಳು ಅನ್ನಲ್ಲ, ಕೆಸರು ಅನ್ನಲ್ಲ, ನಡೀತಾನೇ ಇದ್ದಾರೆ. ಮೊದಲನೇ ತಿರುವು ಬಂತು, ಮನೆಗೆ ಹೋಗ್ರಿ ಅಂತ ಮುದ್ದಿ ಕೈ ಬೀಸಿದ್ಲು. ಎರಡನೇ ತಿರುವು ಬಂತು, ಅಯ್ಯೋ ಅಪ್ಪಾ, ಅಯ್ಯೋ ಅವ್ವಾ, ಜನ ನಗ್ತಾರೆ, ಸಾಕು ಹೋಗ್ರಿ ಅಂತ ರೇಗಿದ್ಲು. ಆಯ್ತು ಆಯ್ತು ಅಂದ್ರು, ನಡೀತಾನೇ ಇದ್ರು. ಮೂರನೇ ತಿರುವಿಗೆ ಅವಳು ಹೋಗ್ರಿ ಅನ್ನಲಿಲ್ಲವಂತೆ. ಸೆರಗಲ್ಲಿ ಮುಖ ಒರೆಸಿಕೊಂಡು, ಗಂಡನ ಕೈಲಿದ್ದ ಹುಟ್ಟು ಹಿಡಿದು ತಡೆದು, ಮೆಲ್ಲಗೆ ಹಾಕ್ರಿ, ಅವರಿಗೆ ವಯಸ್ಸಾಗಿದೆ, ಅಷ್ಟು ಬೇಗ ನಡೆಯೋಕೆ ಆಗಲ್ಲ ಅಂದ್ಲಂತೆ.

ಅವರು ಅಲ್ಲಿ ಚೆನ್ನಾಗಿದ್ರು, ಇವರು ಇಲ್ಲಿ ಚೆನ್ನಾಗಿದ್ರು, ಹೊಳೆ ನಡುವೆ ಹರೀತಾ ಇತ್ತು. ಅಲ್ಲಿಗೆ ಕತೆ ಮುಗೀತು ಕುಸುಮಿ, ನನ್ನ ಗಂಟಲೂ ಮುಗೀತು.